ಮೊದಲು ನಕ್ಷೆ, ಆಮೇಲೆ ಓಟ: ಶಿರಸಿ–ಕಾರವಾರದ ಸುತ್ತ ಓರಿಯೆಂಟೀರಿಂಗ್ ಶುರು ಮಾಡುವುದು ಹೇಗೆ

ನಕ್ಷೆಯ ಮೇಲೆ ನೇರಳೆ ಬಣ್ಣದ ಏಳೆಂಟು ವೃತ್ತಗಳಿರುತ್ತವೆ. ಪ್ರತಿ ವೃತ್ತದ ನಟ್ಟನಡುವೆ ಯಾವ ಜಾಗವಿದೆಯೋ, ನೆಲದ ಮೇಲೆ ಅಲ್ಲಿಯೇ ಒಂದು ಬಿಳಿ–ಕಿತ್ತಳೆ ಬಾವುಟ ತೂಗುತ್ತಿರುತ್ತದೆ. ಇದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಕೊಟ್ಟ ಕ್ರಮದಲ್ಲೇ ಎಲ್ಲ ಕಂಟ್ರೋಲ್‌ಗಳನ್ನೂ ಮುಟ್ಟಿ, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಒಂದರಿಂದ ಇನ್ನೊಂದಕ್ಕೆ ಯಾವ ದಾರಿ ಹಿಡಿಯಬೇಕು ಎಂದು ಯಾರೂ ಹೇಳುವುದಿಲ್ಲ. ಆ ತೀರ್ಮಾನವೇ ಓರಿಯೆಂಟೀರಿಂಗ್ ಎಂಬ ಈ ಆಟದ ಜೀವ. 1897ರಲ್ಲಿ ನಾರ್ವೆಯ ಓಸ್ಲೋ ಬಳಿ ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆಯಿತು, 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ನಮ್ಮಲ್ಲಿ ಸೈನ್ಯದವರಿಗೆ, ಎನ್‌ಸಿಸಿ ಮಾಡಿದವರಿಗೆ ಇದರ ಪರಿಚಯ ಹೆಚ್ಚು.

ಹೊಸಬರಲ್ಲಿ ಬಹಳಷ್ಟು ಜನ ಮೊದಲು ಕಂಪಾಸು ಕೊಳ್ಳುತ್ತಾರೆ, ಆಮೇಲೆ ಓಡಲು ಹೋಗುತ್ತಾರೆ, ದಾರಿ ತಪ್ಪಿದ ಮೇಲೆ ನಕ್ಷೆ ನೋಡುತ್ತಾರೆ. ಇದು ಪೂರ್ತಿ ತಿರುಗುಮುರುಗು. ಉತ್ತರ ಕನ್ನಡದ ನೆಲ ಹಳ್ಳ, ದಿಬ್ಬ, ತೋಟ, ಬೆಟ್ಟ ಎಂದು ತನ್ನಷ್ಟಕ್ಕೆ ತಾನೇ ಗೆರೆ ಎಳೆದುಕೊಂಡಿರುವ ನೆಲ. ಆ ಗೆರೆಗಳನ್ನು ನಕ್ಷೆಯಲ್ಲಿ ಓದಲು ಬಂದರೆ ಕಂಪಾಸಿನ ಕೆಲಸ ಹತ್ತಕ್ಕೆ ಎರಡು ಪಾಲು ಮಾತ್ರ.

ನಕ್ಷೆಯ ಬಣ್ಣ, ನಮ್ಮ ನೆಲ

ಓರಿಯೆಂಟೀರಿಂಗ್ ನಕ್ಷೆಯಲ್ಲಿ ಬಣ್ಣಗಳ ಅರ್ಥ ಜಗತ್ತಿನಲ್ಲೆಲ್ಲ ಒಂದೇ. ಬಿಳಿ ಎಂದರೆ ಖಾಲಿ ಜಾಗವಲ್ಲ, ಸಲೀಸಾಗಿ ಓಡಬಹುದಾದ ಮರಗಳ ಕಾಡು. ಹೊಸಬರು ಮೊದಲು ಎಡವುವುದು ಇಲ್ಲೇ. ದರಕು (ಉದುರಿದ ಒಣ ಎಲೆ) ಗುಡಿಸಿ ಚೊಕ್ಕವಾಗಿಟ್ಟ ಸೊಪ್ಪಿನ ಬೆಟ್ಟ, ಕಾರವಾರದ ಕಡಲಂಚಿನ ಗಾಳಿಮರದ ತೋಪು ಇವೆರಡೂ ಬಿಳಿ. ಹಳದಿ ಎಂದರೆ ಬಯಲು: ಬ್ಯಾಣ, ಕೊಯ್ಲಾದ ಗದ್ದೆ, ಮೈದಾನ. ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ತಿಳಿ ಹಸಿರಿನಲ್ಲಿ ಓಟದ ವೇಗ ಮಾಮೂಲಿನ 60ರಿಂದ 80 ಶೇಕಡಾ, ನಡು ಹಸಿರಿನಲ್ಲಿ 20ರಿಂದ 60, ಕಡು ಹಸಿರಿನಲ್ಲಿ 20ಕ್ಕಿಂತ ಕಡಿಮೆ. ಹಳ್ಳದ ಒತ್ತಿಗೆ ಬೆತ್ತ, ಲಂಟಾನಾ, ಮುಳ್ಳುಬಳ್ಳಿ ಹೆಣೆದುಕೊಂಡ ಪಟ್ಟಿ ಇದೆಯಲ್ಲ, ಅದು ಕಡು ಹಸಿರು. ನೀಲಿ ನೀರು. ಕಪ್ಪು ಎಂದರೆ ಬಂಡೆ ಮತ್ತು ಮನುಷ್ಯ ಮಾಡಿದ್ದು: ದಾರಿ, ಮನೆ, ಬೇಲಿ, ಕಾಲುಸಂಕ. ಕಂದು ಎಂದರೆ ನೆಲದ ಏರಿಳಿತ. ನೇರಳೆ ಬಣ್ಣ ಸ್ಪರ್ಧೆಯದು: ತ್ರಿಕೋನ ಆರಂಭ, ವೃತ್ತ ಕಂಟ್ರೋಲ್, ಜೋಡಿ ವೃತ್ತ ಮುಕ್ತಾಯ.

ಕಂದು ಗೆರೆಗಳು ಅಂದರೆ ಕಾಂಟೂರ್, ಶಾಲೆಯಲ್ಲಿ ಸಮೋನ್ನತ ರೇಖೆ ಎಂದು ಓದಿದ್ದು. ಒಂದು ಗೆರೆಯುದ್ದಕ್ಕೂ ನಡೆದರೆ ಏರೂ ಇಲ್ಲ, ಇಳಿಜಾರೂ ಇಲ್ಲ. ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 5 ಮೀಟರ್ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರವಿದ್ದರೆ ಸಪಾಟು. ಇದನ್ನು ಕಲಿಯಲು ಶಿರಸಿ ಕಡೆಯ ಯಾವುದೇ ಊರು ಸಾಕು. ಕಣಿವೆಯ ತಳದಲ್ಲಿ ಹಳ್ಳ, ಹಳ್ಳದ ಎರಡೂ ಬದಿಗೆ ಅಡಿಕೆ ತೋಟ, ತೋಟದ ತಲೆಯ ಮೇಲೆ ಮನೆ, ಅದರ ಮೇಲೆ ಅಗಳ (ಗಡಿಯ ಕಂದಕ) ತೋಡಿದ ಬೆಟ್ಟ. ನಕ್ಷೆಯಲ್ಲಿ ಕಂದು ಗೆರೆಗಳು ಚೂಪಾಗಿ ಬಾಗಿ ಮೇಲ್ಭಾಗದ ಕಡೆ ಮೂತಿ ಚಾಚಿದ್ದರೆ ಅದು ಹಳ್ಳ, ಅಂದರೆ ತೋಟವಿರುವ ಜಾಗ. ತಗ್ಗಿನ ಕಡೆ ಹೊಟ್ಟೆ ಬಿಟ್ಟಿದ್ದರೆ ಅದು ದಿಬ್ಬದ ಮೂಗು, ಅಂದರೆ ಬೆಟ್ಟ. ಈ ಎರಡನ್ನು ಒಂದಕ್ಕೊಂದು ಅದಲುಬದಲು ಮಾಡದಿದ್ದರೆ ಅರ್ಧ ಆಟ ಬಂದಂತೆ.

ನಕ್ಷೆ ಎಲ್ಲಿಂದ?

ಸರ್ವೆ ಆಫ್ ಇಂಡಿಯಾದ 1:50000 ಹಾಳೆ ಪ್ರದೇಶದ ಅಂದಾಜಿಗೆ ಚೆನ್ನ, ಆಟಕ್ಕೆ ಸಾಲದು. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ 50 ಮೀಟರ್. ಕಾಂಟೂರ್ ಅಂತರ 20 ಮೀಟರ್ ಇರುವುದರಿಂದ 15 ಮೀಟರಿನ ದಿಬ್ಬವೊಂದು ಒಂದೂ ಗೆರೆ ಇಲ್ಲದೆ ಮಾಯವಾಗಬಹುದು. ನಿಮಗೆ ಬೇಕಾದ್ದು 1:10000 ಅಥವಾ 1:5000. ಪೇಟೆಯೊಳಗಿನ ಓಟಕ್ಕೆ 1:4000.

ಸಿದ್ಧ ನಕ್ಷೆ ಸಿಗದಿದ್ದರೆ ಮಾಡಿಕೊಳ್ಳಬೇಕು. ಓಪನ್‌ಓರಿಯೆಂಟೀರಿಂಗ್‌ಮ್ಯಾಪ್ ಎಂಬ ಜಾಲತಾಣ ಓಪನ್‌ಸ್ಟ್ರೀಟ್‌ಮ್ಯಾಪಿನ ಮಾಹಿತಿಯಿಂದ ಇದೇ ಬಣ್ಣಗಳ ನಕ್ಷೆಯನ್ನು ಉಚಿತವಾಗಿ ಮಾಡಿಕೊಡುತ್ತದೆ. ಶಿರಸಿ, ಕಾರವಾರ ಪೇಟೆಯ ಬೀದಿಗಳಿಗೆ ಇದು ಸಾಕು. ಹಳ್ಳಿಯ ಕಡೆ ಕಾಲುದಾರಿ, ಅಗಳ, ದಣಪೆ (ಬೇಲಿಯ ಬಾಗಿಲು) ಯಾವುದೂ ಅದರಲ್ಲಿ ಇರದಿರುವುದೇ ಹೆಚ್ಚು. ಆಗ ನೀವೇ ನಡೆದು, ಫೋನಿನ ಜಿಪಿಎಸ್‌ನಲ್ಲಿ ದಾರಿ ದಾಖಲಿಸಿ, ಓಪನ್‌ಓರಿಯೆಂಟೀರಿಂಗ್ ಮ್ಯಾಪರ್ ಎಂಬ ಉಚಿತ ತಂತ್ರಾಂಶದಲ್ಲಿ ಸೇರಿಸಬೇಕು. ಇನ್ನೊಂದು ಎಚ್ಚರ: ಇಂಥ ನಕ್ಷೆಗಳ ಕಾಂಟೂರ್ ಉಪಗ್ರಹದ ಎತ್ತರದ ಲೆಕ್ಕದಿಂದ ಬಂದದ್ದು. ದಟ್ಟ ಕಾಡಿನಲ್ಲಿ ಆ ಅಳತೆ ನೆಲಕ್ಕಿಂತ ಮರದ ನೆತ್ತಿಗೆ ಹತ್ತಿರ. ಹಾಗಾಗಿ ಕಾನಿನ ಅಂಚಿನಲ್ಲಿ ಇಲ್ಲದ ದಿಬ್ಬ ಕಂಡರೆ ಗಾಬರಿ ಬೇಡ, ನಕ್ಷೆ ತಿದ್ದಿ.

ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತೆಗೆದು ನೂರಕ್ಕೆ ನೂರು ಅಳತೆಯಲ್ಲೇ ಮುದ್ರಿಸಿ. ಝೆರಾಕ್ಸ್ ಅಂಗಡಿಯಲ್ಲಿ ಆಗುವ ತಪ್ಪು ಇದೇ. ಐದು ಶೇಕಡಾ ಕುಗ್ಗಿದರೂ ಹೆಜ್ಜೆ ಲೆಕ್ಕವೆಲ್ಲ ಹಾಳು. ಮುದ್ರಿಸಿದ ಮೇಲೆ ನಕ್ಷೆಯ ಮೇಲಿನ ಅಳತೆಪಟ್ಟಿಗೆ ಸ್ಕೇಲ್ ಇಟ್ಟು ನೋಡಿ. 1:5000ರಲ್ಲಿ 100 ಮೀಟರ್ ಎಂದರೆ ಸರಿಯಾಗಿ 2 ಸೆಂಟಿಮೀಟರ್ ಬರಬೇಕು. ಒಂದು ಎ4 ಹಾಳೆಯಲ್ಲಿ ಈ ಅಳತೆಗೆ ಸುಮಾರು ಒಂದು ಕಿಲೋಮೀಟರಿಗೆ ಒಂದೂವರೆ ಕಿಲೋಮೀಟರ್ ಜಾಗ ಹಿಡಿಯುತ್ತದೆ. ಮೊದಲ ಓಟಕ್ಕೆ ಅಷ್ಟು ಬೇಕಾದಷ್ಟಾಯಿತು. ಇಂಕ್‌ಜೆಟ್ ಮುದ್ರಣ ಬೆವರಿಗೇ ಕದಡುತ್ತದೆ, ಲೇಸರ್ ಮುದ್ರಣ ಮಾಡಿಸಿ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ.

ಕಂಪಾಸು

ಪಾರದರ್ಶಕ ಪ್ಲಾಸ್ಟಿಕ್ ಹಲಗೆಯ ಮೇಲೆ ತಿರುಗುವ ಬಿಲ್ಲೆ ಇರುವ ಕಂಪಾಸನ್ನೇ ಕೊಳ್ಳಿ. ಮುಚ್ಚಳ ತೆರೆದು ಕಣ್ಣಿಗೆ ಹಿಡಿಯುವ ಪ್ರಿಸ್ಮ್ ಕಂಪಾಸು ಈ ಆಟಕ್ಕೆ ನಿಧಾನ. ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವ ಬಗೆಯದ್ದು ಒಳ್ಳೆಯದೇ, ಆದರೆ ಮೊದಲ ವರ್ಷಕ್ಕಲ್ಲ. ಅಂಗಡಿಯಲ್ಲೇ ಸಮತಟ್ಟಾಗಿ ಹಿಡಿದು ನೋಡಿ: ಮುಳ್ಳು ಒಂದು ಕಡೆ ವಾಲಿ ತಳಕ್ಕೆ ಉಜ್ಜುತ್ತಿದ್ದರೆ ಬೇಡ. ಬೇರೆ ಅಕ್ಷಾಂಶದ ದೇಶಕ್ಕೆಂದು ಸಮತೂಕ ಮಾಡಿದ ಮುಳ್ಳು ನಮ್ಮಲ್ಲಿ ಹೀಗೆ ವಾಲುತ್ತದೆ.

ಫೋನು, ಅಯಸ್ಕಾಂತದ ಕವರು, ಬೈಕು, ಸೊಂಟದ ಕತ್ತಿ ಇವುಗಳ ಹತ್ತಿರ ಮುಳ್ಳು ಸುಳ್ಳು ಹೇಳುತ್ತದೆ. ಫೋನಿನ ಜೊತೆ ಒಂದೇ ಜೇಬಿನಲ್ಲಿ ಬಹಳ ದಿನ ಇಟ್ಟರೆ ಮುಳ್ಳಿನ ಧ್ರುವವೇ ತಿರುಗಿ ಕೆಂಪು ತುದಿ ದಕ್ಷಿಣ ತೋರಿಸಬಹುದು. ಕರಾವಳಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಕಡಲಿಗೆ ಮುಖ ಮಾಡಿ ನಿಂತರೆ ಉತ್ತರ ಬಲಗೈ ಕಡೆ, ಕೆಂಪು ತುದಿ ಅತ್ತಲೇ ಇರಬೇಕು. ಘಟ್ಟದ ಮೇಲಾದರೆ ಬೆಳಗಿನ ಸೂರ್ಯ ನೋಡಿ. ಮಧ್ಯಾಹ್ನದ ನೆರಳನ್ನು ನಂಬುವವರು ಒಂದು ವಿಷಯ ತಿಳಿದಿರಬೇಕು: ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಆ ಹೊತ್ತಿನ ನೆರಳು ಉತ್ತರಕ್ಕಲ್ಲ, ದಕ್ಷಿಣಕ್ಕೆ ಬೀಳುತ್ತದೆ.

ನಿಜವಾದ ಉತ್ತರಕ್ಕೂ ಕಂಪಾಸಿನ ಉತ್ತರಕ್ಕೂ ಇರುವ ವ್ಯತ್ಯಾಸದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಅದು ಒಂದು ಡಿಗ್ರಿಯ ಆಸುಪಾಸು, ಒಂದು ಕಿಲೋಮೀಟರಿಗೆ 17 ಮೀಟರಿನಷ್ಟು. ಸರಿಯಾದ ಓರಿಯೆಂಟೀರಿಂಗ್ ನಕ್ಷೆಯಲ್ಲಿ ಉತ್ತರ ತೋರಿಸುವ ಗೆರೆಗಳನ್ನು ಕಂಪಾಸಿನ ಉತ್ತರಕ್ಕೇ ಎಳೆದಿರುತ್ತಾರೆ.

ಕಲಿಯುವ ಕ್ರಮ

ಮೊದಲ ದಿನ ಒಂದೇ ಅಭ್ಯಾಸ: ನಕ್ಷೆಯನ್ನು ನೆಲಕ್ಕೆ ಹೊಂದಿಸಿ ಹಿಡಿಯುವುದು. ನಕ್ಷೆಯ ಉತ್ತರ ನಿಜವಾದ ಉತ್ತರದ ಕಡೆಗೇ ಇರಬೇಕು, ಅಕ್ಷರ ತಲೆಕೆಳಗಾಗಿ ಕಂಡರೂ ಚಿಂತೆಯಿಲ್ಲ. ನೀವು ತಿರುಗಿದಾಗ ನಕ್ಷೆ ನಿಮ್ಮ ಜೊತೆ ತಿರುಗಬಾರದು, ನೆಲದ ಜೊತೆ ನಿಲ್ಲಬೇಕು. ನಿಂತ ಜಾಗದ ಮೇಲೆ ಹೆಬ್ಬೆರಳಿಟ್ಟು, ಮುಂದೆ ಹೋದಂತೆ ಬೆರಳನ್ನೂ ಸರಿಸುತ್ತ ಹೋಗಿ. ಶಿರಸಿಯ ಕೋಟೆಕೆರೆಯ ಸುತ್ತ, ಅಥವಾ ಕಾರವಾರದ ಟ್ಯಾಗೋರ್ ಕಡಲತೀರದ ತೋಪಿನೊಳಗೆ ಅರ್ಧ ತಾಸು ಹೀಗೆ ನಡೆದರೆ ಕೈಗೆ ಬರುತ್ತದೆ. ಓಡಬೇಡಿ.

ಎರಡನೆಯದು ಹೆಜ್ಜೆ ಲೆಕ್ಕ. ಟೇಪು ಹಿಡಿದು ನೂರು ಮೀಟರ್ ಅಳೆದು, ಬಲಗಾಲು ನೆಲ ಮುಟ್ಟಿದಾಗ ಮಾತ್ರ ಎಣಿಸಿ. ನಡಿಗೆಯಲ್ಲಿ ಹೆಚ್ಚಿನವರಿಗೆ 60ರಿಂದ 65 ಜೋಡಿ ಹೆಜ್ಜೆ, ಓಟದಲ್ಲಿ 40ರ ಸುತ್ತಮುತ್ತ. ಸಮ ನೆಲದಲ್ಲಿ, ಏರಿನಲ್ಲಿ, ದರಕಿನ ಮೇಲೆ ಬೇರೆ ಬೇರೆ ಎಣಿಸಿ, ಮೂರನ್ನೂ ಕಂಪಾಸಿನ ಹಲಗೆಯ ಮೇಲೆ ಬರೆದಿಡಿ.

ಮೂರನೆಯದು ದಾರಿಯ ಆಯ್ಕೆ. ಇದನ್ನು ಒಂದು ಉದಾಹರಣೆಯಿಂದಲೇ ನೋಡಬೇಕು.

ಹಳ್ಳದ ಮೇಲಿನ ಕಾಲುಸಂಕದ ಹತ್ತಿರ ನಿಂತಿದ್ದೀರಿ. ಮುಂದಿನ ಕಂಟ್ರೋಲ್ ಬೆಟ್ಟದ ಓರೆಯಲ್ಲಿರುವ ಒಂಟಿ ಬಂಡೆ. 1:5000ರ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ 6.4 ಸೆಂಟಿಮೀಟರ್, ಅಂದರೆ ನೇರಕ್ಕೆ 320 ಮೀಟರ್. ನಾಲ್ಕು ಕಂದು ಗೆರೆ ದಾಟಬೇಕು, 20 ಮೀಟರ್ ಏರು. ಆದರೆ ನೇರ ಗೆರೆಯ 120 ಮೀಟರ್ ಕಡು ಹಸಿರಿನಲ್ಲಿದೆ. ಅಲ್ಲಿ ವೇಗ ಐದರಲ್ಲೊಂದು ಪಾಲು ಎಂದು ಹಿಡಿದರೂ ಆ 120 ಮೀಟರ್ 600 ಮೀಟರಿಗೆ ಸಮ. ಒಟ್ಟು 800 ಮೀಟರ್ ಓಡಿದ ಶ್ರಮ. ಇನ್ನೊಂದು ದಾರಿ: ತೋಟದ ಅಂಚಿನ ಕಾಲುದಾರಿ ಹಿಡಿದು 280 ಮೀಟರ್ ಹೋದರೆ ಬೆಟ್ಟದ ಅಗಳ ಮೂಲೆ ತಿರುಗುವ ಜಾಗ ಸಿಗುತ್ತದೆ. ಅಲ್ಲಿಂದ ಬಂಡೆಗೆ ಬಿಳಿ ಕಾಡಿನಲ್ಲಿ 90 ಮೀಟರ್. ಒಟ್ಟು 370. ಸುತ್ತಿನ ದಾರಿಯೇ ಹತ್ತಿರ.

ಈ ದಾರಿಯಲ್ಲಿ ಎರಡು ಉಪಾಯ ಅಡಗಿವೆ. ತೋಟದ ಅಂಚು ನಿಮ್ಮನ್ನು ಕೈಹಿಡಿದು ನಡೆಸುತ್ತದೆ, ಅಲ್ಲಿ ಕಂಪಾಸು ಬೇಡವೇ ಬೇಡ. ಅಗಳದ ಮೂಲೆ ತಪ್ಪಿಸಿಕೊಳ್ಳಲಾಗದ ಗಟ್ಟಿ ಗುರುತು. ಕಂಪಾಸಿನ ಕೆಲಸ ಕೊನೆಯ 90 ಮೀಟರಿಗೆ ಮಾತ್ರ. ಕಂಪಾಸಿನಲ್ಲಿ ಐದು ಡಿಗ್ರಿ ತಪ್ಪುವುದು ಎಲ್ಲರಿಗೂ ಆಗುವಂಥದ್ದು. 90 ಮೀಟರಿಗೆ ಅದು 8 ಮೀಟರ್ ಅಷ್ಟೆ, ಬಂಡೆ ಕಣ್ಣಿಗೆ ಬೀಳುತ್ತದೆ. ಸಂಕದಿಂದಲೇ ನೇರ ಹೊರಟಿದ್ದರೆ ಅದೇ ಐದು ಡಿಗ್ರಿ 28 ಮೀಟರಾಗುತ್ತಿತ್ತು. ಹದಿನೈದು ಮೀಟರಾಚೆ ಏನೂ ಕಾಣದ ಕಾಡಿನಲ್ಲಿ ಬಂಡೆಯ ಪಕ್ಕದಲ್ಲೇ ಹಾದುಹೋಗಿರುತ್ತೀರಿ.

ಈಗ ಅಗಳದ ಮೂಲೆಯಲ್ಲಿ ನಿಂತು ಕಂಪಾಸು ತೆಗೆಯಿರಿ. ಹಲಗೆಯ ಉದ್ದನೆಯ ಅಂಚನ್ನು ನಕ್ಷೆಯ ಮೇಲೆ ಮೂಲೆಯಿಂದ ಬಂಡೆಗೆ ಹೊಂದಿಸಿ. ಹಲಗೆಯ ಬಾಣ ಬಂಡೆಯ ಕಡೆಗಿರಲಿ. ಅದು ಉಲ್ಟಾ ಆದರೆ ನೀವು ನೇರ ಬೆನ್ನ ಹಿಂದಕ್ಕೆ ಹೊರಡುತ್ತೀರಿ. ಹಲಗೆ ಅಲುಗದಂತೆ ಒತ್ತಿ ಹಿಡಿದು, ಬಿಲ್ಲೆಯೊಳಗಿನ ಗೆರೆಗಳು ನಕ್ಷೆಯ ಉತ್ತರದ ಗೆರೆಗಳಿಗೆ ಸಮಾನಾಂತರವಾಗುವವರೆಗೆ ಬಿಲ್ಲೆ ತಿರುಗಿಸಿ. ಬಿಲ್ಲೆಯ ಉತ್ತರ ನಕ್ಷೆಯ ಉತ್ತರಕ್ಕೇ ಇರಬೇಕು. ಇನ್ನು ಕಂಪಾಸನ್ನು ನಕ್ಷೆಯಿಂದೆತ್ತಿ ಎದೆಯ ಮಟ್ಟಕ್ಕೆ ಸಮತಟ್ಟಾಗಿ ಹಿಡಿದು, ಕೆಂಪು ಮುಳ್ಳು ಬಿಲ್ಲೆಯ ಬಾಣದೊಳಗೆ ಕೂರುವವರೆಗೆ ನೀವೇ ತಿರುಗಿ, ಕೈಯನ್ನಲ್ಲ. ತಲೆ ಎತ್ತಿ ಹಲಗೆಯ ಬಾಣದ ನೇರಕ್ಕೆ ಮೂವತ್ತು ಮೀಟರ್ ಆಚೆ ಒಂದು ಮರ ಗುರುತಿಸಿ, ಅದರ ಬುಡಕ್ಕೆ ಹೋಗಿ. ಅಲ್ಲಿ ಮತ್ತೆ ಇನ್ನೊಂದು ಮರ. ಮುಳ್ಳನ್ನೇ ನೋಡುತ್ತ ನಡೆದರೆ ಬುಡದ ಬೇರಿಗೆ ಎಡವುವುದಷ್ಟೇ ಅಲ್ಲ, ಇಳಿಜಾರಿನಲ್ಲಿ ತಿಳಿಯದಂತೆ ಕೆಳಗೆ ಜಾರುತ್ತೀರಿ. ಓರೆಯಲ್ಲಿ ನಡೆಯುವವರೆಲ್ಲ ತಗ್ಗಿನ ಕಡೆಗೇ ವಾಲುತ್ತಾರೆ. ಸಮ ನೆಲದಲ್ಲಿ 90 ಮೀಟರಿಗೆ 58 ಜೋಡಿ ಹೆಜ್ಜೆಯವರಾದರೆ ಇಲ್ಲಿ 65–70 ಎಂದಿಟ್ಟುಕೊಳ್ಳಿ.

ಲೆಕ್ಕ ಮುಗಿದು ಇನ್ನೂ ಹತ್ತು ಹೆಜ್ಜೆ ಹೋದರೂ ಬಂಡೆ ಕಾಣದಿದ್ದರೆ ನಿಲ್ಲಿ. ಆಟ ಕೆಡುವುದು ಈ ಗಳಿಗೆಯಲ್ಲಿ. ಗಾಬರಿಯಲ್ಲಿ ಓಟ ಜೋರಾಗುತ್ತದೆ, ಇಲ್ಲೇ ಇರಬೇಕು ಎಂದು ಸುತ್ತು ಹಾಕತೊಡಗುತ್ತಾರೆ. ಎರಡು ಸುತ್ತಿನಲ್ಲಿ ಎಲ್ಲಿಂದ ಬಂದೆವೆಂಬುದೂ ಮರೆಯುತ್ತದೆ. ಅಗಳದ ಮೂಲೆಗೇ ವಾಪಸು ಹೋಗಿ ಮತ್ತೆ ಶುರು ಮಾಡಿ. ಎರಡು ನಿಮಿಷ ಹೋದೀತು, ಇಪ್ಪತ್ತು ಉಳಿಯುತ್ತದೆ.

ಇನ್ನೊಂದು ಉಪಾಯ ಹಳ್ಳದ ಕಡೆ ಇಳಿಯುವಾಗ. ಕಾಲುಸಂಕಕ್ಕೇ ನೇರ ಗುರಿಯಿಟ್ಟು ಇಳಿದು, ಹಳ್ಳ ಸಿಕ್ಕರೂ ಸಂಕ ಕಾಣದಿದ್ದರೆ ಎಡಕ್ಕೋ ಬಲಕ್ಕೋ ತಿಳಿಯುವುದಿಲ್ಲ. ಅದಕ್ಕೆ ಬೇಕೆಂದೇ ಇಪ್ಪತ್ತು ಮೂವತ್ತು ಮೀಟರ್ ಎಡಕ್ಕೆ ಗುರಿಯಿಡಿ. ಹಳ್ಳ ಮುಟ್ಟಿದ ಕೂಡಲೇ ಬಲಕ್ಕೆ ತಿರುಗಿದರೆ ಸಂಕ.

ಎಲ್ಲಿ, ಯಾವಾಗ

ಘಟ್ಟದ ಮೇಲಿನ ಬೆಟ್ಟಗಳು ಕಾಂಟೂರ್ ಕಲಿಸುತ್ತವೆ, ಕರಾವಳಿಯ ಗಾಳಿಮರದ ತೋಪು ಕಂಪಾಸು ಕಲಿಸುತ್ತದೆ. ತೋಪಿನಲ್ಲಿ ನೆಲ ಸಪಾಟು, ಮರಗಳೆಲ್ಲ ಒಂದೇ ತರ, ಗುರುತು ಹಿಡಿಯಲು ಏನೂ ಇಲ್ಲ. ತಪ್ಪಿದರೂ ಪಶ್ಚಿಮಕ್ಕೆ ಕಡಲು ತಡೆಯುತ್ತದೆ. ಹೆದ್ದಾರಿ ದಾಟುವಂತೆ ಮಾತ್ರ ಎಂದೂ ಕಂಟ್ರೋಲ್ ಇಡಬೇಡಿ.

ಕುಮಟಾ, ಅಂಕೋಲಾ ಕಡೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಬಯಲು) ಬದುಗಳ ಮೇಲೆ ಸೊಗಸಾಗಿ ಓಡಬಹುದು. ಆದರೆ ಇಳಿತದಲ್ಲಿ ಮೊಣಕಾಲು ಮಟ್ಟವಿದ್ದ ಕೋಡಿ ಭರತದಲ್ಲಿ ಎದೆ ಮುಳುಗಿಸುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಿಂದಿನ ಭಾನುವಾರ ನೋಡಿಬಂದ ಹೊತ್ತು ಈ ಭಾನುವಾರಕ್ಕೆ ನಡೆಯುವುದಿಲ್ಲ. ಚಿರೇಕಲ್ಲು ತೆಗೆದ ಹೊಂಡಗಳಿರುವ ಬೋಳುಗುಡ್ಡವನ್ನು ಹೊಸಬರ ಓಟಕ್ಕೆ ಬಳಸಲೇಬೇಡಿ. ಗೋಡೆಯಂತೆ ನೇರ ಕಡಿದ ಅಂಚು ಹುಲ್ಲಿನಲ್ಲಿ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.

ಘಟ್ಟದ ಅಂಚು ಕೂಡ ಹಾಗೆಯೇ. ಶಿರಸಿ ಬಯಲಿನಲ್ಲಿ ದಾರಿ ತಪ್ಪಿದವರು ಹಳ್ಳ ಹಿಡಿದು ಇಳಿದರೆ ತೋಟ, ಮನೆ ಸಿಗುತ್ತದೆ. ಆದರೆ ಪಶ್ಚಿಮದ ಅಂಚಿನಲ್ಲಿ ಹಳ್ಳ ಹಿಡಿದು ಇಳಿದವರಿಗೆ ಸಿಗುವುದು ಜಲಪಾತದ ತಲೆ. ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವುದು ಇಂಥದೇ ಜಾಗದಲ್ಲಿ.

ಜೂನ್‌ನಿಂದ ಸೆಪ್ಟೆಂಬರ್ ಮಳೆ, ಉಂಬಳ. ನವೆಂಬರ್ ಬೆಟ್ಟಕ್ಕೆ ಹದವಾದ ತಿಂಗಳು. ಡಿಸೆಂಬರ್‌ನಿಂದ ಮೇವರೆಗೆ ಉಣುಗು (ಉಣ್ಣೆಹುಳ) ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. ಶಿರಸಿ, ಸಿದ್ದಾಪುರ ತಾಲೂಕಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಊರಿನಲ್ಲಿ ಮಂಗ ಸತ್ತ ಸುದ್ದಿಯಿದ್ದರೆ, ಜ್ವರದ ಸುದ್ದಿಯಿದ್ದರೆ ಅಲ್ಲಿ ಓಟ ಬೇಡ, ಎಷ್ಟೇ ತಯಾರಿಯಾಗಿದ್ದರೂ ರದ್ದು ಮಾಡಿ. ಉಳಿದ ಕಡೆಯೂ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಕೈಕಾಲಿಗೆ. ದರಕಿನ ಮೇಲೆ ಕುಳಿತುಕೊಳ್ಳಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ, ಮೈಮೇಲೆ ಉಣುಗು ಇದೆಯೇ ನೋಡಿಕೊಳ್ಳಿ. ಈ ತಿಂಗಳುಗಳಲ್ಲಿ ಪೇಟೆ ಓಟ, ಕಡಲಂಚಿನ ಓಟ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮೀಸಲು ಅರಣ್ಯ ಇಲ್ಲೆಲ್ಲ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಕಾರವಾರದ ನೌಕಾನೆಲೆ, ಕೈಗಾ ಸ್ಥಾವರದ ಸುತ್ತ ನಕ್ಷೆ ಹಿಡಿದು ಅಳೆಯುತ್ತ ತಿರುಗುವ ಯೋಚನೆಯೇ ಬೇಡ.

ನಿಮ್ಮದೇ ಮೊದಲ ಓಟ ಕಟ್ಟುವುದು

ಬೆಟ್ಟ ಯಾರಿಗೆ ಸೇರಿದ್ದೋ ಅವರ ಮನೆಗೆ ಒಂದು ವಾರ ಮುಂಚೆ ನಕ್ಷೆ ಹಿಡಿದುಕೊಂಡೇ ಹೋಗಿ. “ಹೆಗಡೇರೆ, ಬರೋ ಭಾನುವಾರ ಬೆಳಿಗ್ಗೆ ಎರಡು ತಾಸು ನಿಮ್ಮ ಬೆಟ್ಟದಲ್ಲಿ ಮಕ್ಕಳು ಓಡ್ತಾರೆ, ತೋಟಕ್ಕೆ ಕಾಲಿಡೋದಿಲ್ಲ” ಎಂದು ಯಾವ ದಣಪೆಯಿಂದ ಒಳಗೆ, ಯಾವುದರಿಂದ ಹೊರಗೆ ಎಂದು ತೋರಿಸಿ. ದನ ಬಿಡುವ ಹೊತ್ತು, ನಾಯಿ, ಹಂದಿಗೆಂದು ಎಳೆದ ಐಬೆಕ್ಸ್ (ವಿದ್ಯುತ್) ಬೇಲಿ ಎಲ್ಲಿದೆ ಎಂಬುದೆಲ್ಲ ಅವರಿಂದಲೇ ತಿಳಿಯಬೇಕು. ಆ ಬೇಲಿ, ತೋಟ, ಅಂಗಳ ಇವನ್ನು ನಕ್ಷೆಯ ಮೇಲೆ ನೇರಳೆ ಗೀಟು ಹೊಡೆದು ನಿಷೇಧ ಎಂದು ತೋರಿಸಿ.

ಹೊಸಬರಿಗೆ ಎರಡರಿಂದ ಎರಡೂವರೆ ಕಿಲೋಮೀಟರ್, ಆರರಿಂದ ಎಂಟು ಕಂಟ್ರೋಲ್. ಎಲ್ಲವೂ ದಾರಿ ಕೂಡುವಲ್ಲಿ, ಸಂಕದಲ್ಲಿ, ಅಗಳದ ಮೂಲೆಯಲ್ಲಿ ಇರಲಿ. ಒಂದೋ ಎರಡೋ ಮಾತ್ರ ದಾರಿಯಿಂದ ಐವತ್ತು ಮೀಟರ್ ಒಳಗೆ. ಬಾವುಟವನ್ನು ಪೊದೆಯೊಳಗೆ ಮುಚ್ಚಿಡಬೇಡಿ. ಇದು ಜಾಗ ಹುಡುಕುವ ಆಟ, ಬಾವುಟ ಹುಡುಕುವ ಆಟವಲ್ಲ. 30 ಸೆಂಟಿಮೀಟರ್ ಚೌಕದ ಬಟ್ಟೆಯನ್ನು ಕರ್ಣದಲ್ಲಿ ಎರಡು ಮಾಡಿ ಮೇಲ್ಭಾಗ ಬಿಳಿ, ಕೆಳಭಾಗ ಕಿತ್ತಳೆ ಹೊಲಿದು, ಅಂಥ ಮೂರನ್ನು ತ್ರಿಕೋನವಾಗಿ ಜೋಡಿಸಿದರೆ ಎಲ್ಲ ಕಡೆಯಿಂದಲೂ ಕಾಣುತ್ತದೆ. ಪ್ರತಿಯೊಂದಕ್ಕೂ 31ರಿಂದ ಮೇಲಿನ ಒಂದು ಸಂಖ್ಯೆ ಕೊಡಿ. ಒಂದು, ಎರಡು ಎಂದು ಕೊಟ್ಟರೆ ಓಟದ ಕ್ರಮದ ಜೊತೆ ಗೊಂದಲವಾಗುತ್ತದೆ. ಬಾವುಟದ ಜೊತೆ ಬೇರೆ ಬೇರೆ ಬಣ್ಣದ ಮೇಣದ ಕಡ್ಡಿ ಕಟ್ಟಿದರೆ ಓಟಗಾರರು ಚೀಟಿಯಲ್ಲಿ ಗೀಚಿಕೊಳ್ಳಬಹುದು. ಮ್ಯಾಪ್‌ರನ್ ಆ್ಯಪ್ ಬಳಸಿದರೆ ಬಾವುಟವೇ ಬೇಡ, ಜಾಗ ತಲುಪಿದಾಗ ಫೋನೇ ಸದ್ದು ಮಾಡುತ್ತದೆ. ದಟ್ಟ ಮರದಡಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಸರಿಯುವುದರಿಂದ ಅದು ಪೇಟೆಗೆ, ಬಯಲಿಗೆ ಸರಿ.

ಎರಡೆರಡು ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡಿ. ಮಕ್ಕಳಾದರೆ ಜೋಡಿಯಾಗಿ. ಪ್ರತಿಯೊಬ್ಬರ ಕೊರಳಲ್ಲೂ ಸೀಟಿ ಇರಲಿ, ತೊಂದರೆಯಾದರೆ ಒಂದು ನಿಮಿಷದಲ್ಲಿ ಆರು ಸಲ ಊದಬೇಕು. ಕೊನೆಯ ಹೊತ್ತು ಮೊದಲೇ ಸಾರಿ ಹೇಳಿ. ಕಂಟ್ರೋಲ್ ಎಲ್ಲ ಸಿಗಲಿ ಬಿಡಲಿ, ಆ ಹೊತ್ತಿಗೆ ಮುಕ್ತಾಯದ ಜಾಗಕ್ಕೆ ಬಂದು ಹೆಸರು ಹೊಡೆಸಿಕೊಳ್ಳಲೇಬೇಕು. ಒಬ್ಬರು ಹೇಳದೆ ಮನೆಗೆ ಹೋದರೂ ಉಳಿದವರು ಕತ್ತಲಾಗುವವರೆಗೆ ಬೆಟ್ಟ ಜಾಲಾಡಬೇಕಾಗುತ್ತದೆ.

ಎಲ್ಲರೂ ಬಂದ ಮೇಲೆ ನೀರು ಕುಡಿದು, ಅದೇ ನಕ್ಷೆಯ ಮೇಲೆ ಅವರವರು ಹೋದ ದಾರಿಯನ್ನು ಪೆನ್ನಿನಲ್ಲಿ ಎಳೆದು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಯಾರು ನಿಂತರು, ಎಲ್ಲಿ ತಗ್ಗಿಗೆ ಜಾರಿದರು ಎಂದು ಮಾತಾಡುವ ಆ ಅರ್ಧ ತಾಸಿನಲ್ಲಿ ಕಲಿಯುವಷ್ಟು ಓಟದಲ್ಲಿ ಕಲಿಯುವುದಿಲ್ಲ. ಆಮೇಲೆ ಬಾವುಟಗಳನ್ನು ಎಣಿಸಿ ತನ್ನಿ, ಹೊರಬರುವಾಗ ದಣಪೆ ಹಾಕಿದ್ದೀರಾ ಎಂದು ಹಿಂತಿರುಗಿ ನೋಡಿ.